ಗ್ರೂಪ್ ಫೋಟೋದಲ್ಲಿ ಸುಜಾತಮ್ಮ

ಯಾರ ಬದುಕನ್ನು ಚಿತ್ರೀಕರಿಸುತ್ತೇವೋ ಅವರ ಮಾತನ್ನು ಮೊದಲು ಕೇಳಬೇಕು. ಜಯನಗರದ ಒಂದು ಸಭಾಂಗಣದಲ್ಲಿ ಸಾಕ್ಷ್ಯಚಿತ್ರ ಮಾಡುವವರಿಗಾಗಿ ನಡೆದ ಕಾರ್ಯಾಗಾರದ ನಿಯಮ ಅದು. ಬರೆದವನು ಸಂಘಟಕನಾದ ನಾನೇ. ವೇದಿಕೆಯ ಬ್ಯಾನರಿನ ಮೇಲೂ ಅದೇ ಇತ್ತು, ಇಂಗ್ಲಿಷಿನಲ್ಲಿ.

ಅವತ್ತು ಮಾತಾಡಬೇಕಿದ್ದವರು ಸುಜಾತಮ್ಮ, ಬೊಮ್ಮನಹಳ್ಳಿಯ ಒಂದು ಗಾರ್ಮೆಂಟ್ಸಿನಲ್ಲಿ ಟೈಲರ್. ನಮ್ಮ ನಿರ್ದೇಶಕರ ಚಿತ್ರದಲ್ಲಿ ಅವರು ಸೂಪರ್‌ವೈಸರನ ಬೈಗುಳದ ಬಗ್ಗೆ ಹೇಳಿಕೊಂಡಿದ್ದರು. ಮುಖ ತೋರಿಸುವುದಿಲ್ಲ ಎಂದು ಮಾತು ಕೊಟ್ಟಿದ್ದ ನಿರ್ದೇಶಕರು ಟ್ರೈಲರಿನಲ್ಲೇ ತೋರಿಸಿಬಿಟ್ಟಿದ್ದರು. ಫ್ಯಾಕ್ಟರಿಯವರು ನೋಡಿದರೆ ಕೆಲಸ ಹೋಗುತ್ತದೆ. ಟ್ರೈಲರಿನಿಂದ ತಮ್ಮ ಮುಖ ತೆಗೆಸಲೆಂದೇ ಆಕೆ ರಜೆ ಹಾಕಿ ಬಂದಿದ್ದರು.

ನಿರ್ದೇಶಕರು ಮಾತಾಡಿದರು. ಪ್ರಾಯೋಜಕರು ಮಾತಾಡಿದರು. ಕೇಳಿಸಿಕೊಳ್ಳುವುದು ಹೇಗೆ ಎಂಬುದರ ಬಗ್ಗೆ ನಾನು ಮುಕ್ಕಾಲು ಗಂಟೆ ಮಾತಾಡಿದೆ. ಅಷ್ಟರಲ್ಲಿ ಊಟ ಬಂತು.

"ಸಾರ್, ನಂದು?" ಎಂದರು ಸುಜಾತಮ್ಮ.

"ಊಟ ಆದ್ಮೇಲೆ ಪಕ್ಕಾ, ಅಕ್ಕ," ಎಂದರು ನಿರ್ದೇಶಕರು. "ಈಗ ಗ್ರೂಪ್ ಫೋಟೋ. ನೀವು ಮಧ್ಯದಲ್ಲಿ ನಿಂತ್ಕೊಳ್ಳಿ. ನೀವಿಲ್ದೆ ಕಾರ್ಯಕ್ರಮನೇ ಇಲ್ಲ."

"ಮತ್ತೆ ಮುಖ ಬೀಳತ್ತಲ್ಲ ಸಾರ್?"

"ನಗ್ತಾ ನಿಂತ್ಕೊಳ್ಳಿ ಅಕ್ಕ, ಚೆನ್ನಾಗೇ ಬೀಳತ್ತೆ!"

ಎಲ್ಲರೂ ನಕ್ಕರು. ನಾನೂ ನಿರ್ದೇಶಕರನ್ನು ತಡೆಯಲಿಲ್ಲ; ಕಾರ್ಯಕ್ರಮ ಆಗಲೇ ತಡವಾಗಿತ್ತು.

ಫೋಟೋಗ್ರಾಫರ್ ರೆಡಿ ಎಂದ. ನಾವೆಲ್ಲ ಹೊಟ್ಟೆ ಒಳಗೆಳೆದುಕೊಂಡು ಕ್ಯಾಮೆರಾ ನೋಡಿದೆವು. ಸುಜಾತಮ್ಮ ಮಾತ್ರ ಕ್ಯಾಮೆರಾಗೆ ಬೆನ್ನು ಹಾಕಿ, ಹಿಂದಿನ ಸಾಲಿನಲ್ಲಿದ್ದ ನಿರ್ದೇಶಕರ ಕಡೆ ತಿರುಗಿ ನಿಂತು, ಹೇಳಲು ಬಂದಿದ್ದನ್ನು ಅಲ್ಲೇ ಹೇಳತೊಡಗಿದರು.