ಖಾರದ ಯಂತ್ರಕ್ಕೆ ಮೂರು ಸಹಿ

ಮುರಗೋಡದ ಇಂದ್ರವ್ವ ಮೂವತ್ತು ವರ್ಷ ಊರ ಮಂದಿಯ ಖಾರ ಕುಟ್ಟಿದವಳು. ಸಂಕ್ರಾಂತಿ ಮುಗಿದು ಯುಗಾದಿ ಬರುವತನಕ ಒನಕೆ ಅವಳ ಕೈ ಬಿಡುತ್ತಿರಲಿಲ್ಲ. ಹೋದ ವರ್ಷ ಬಲರಟ್ಟೆ ಮೇಲೇಳದಾಯಿತು. ಇದ್ದೊಂದು ಎಮ್ಮೆ ಮಾರಿ ಬೈಲಹೊಂಗಲದಿಂದ ಖಾರ ಕುಟ್ಟುವ ಯಂತ್ರ ತಂದಳು. ಯಂತ್ರವೇನೋ ಬಂತು, ಪಂಚಾಯಿತಿಯ ಪರವಾನಗಿ ಇಲ್ಲದೆ ಅದಕ್ಕೆ ಕರೆಂಟು ಇಲ್ಲ, ನೆರೆಯವರ ಒಪ್ಪಿಗೆ ಇಲ್ಲದೆ ಪರವಾನಗಿ ಇಲ್ಲ.

"ನಾಕೂ ದಿಕ್ಕಿನವ್ರಿಗೆ ತಿಳಿಸಿ, ತಕರಾರ ಇಲ್ಲಂತ ಸಹಿ ತಗೊಂಡ ಬರ್ರಿ," ಎಂದ ಅಲ್ಲಿನ ಕಾರಕೂನ. "ಸೋಮವಾರ ಮೀಟಿಂಗ್ ಐತಿ. ತಪ್ಪಿದ್ರ ಮುಂದಿಂದು ಯುಗಾದಿ ಆದಮ್ಯಾಲೆ."

ಯುಗಾದಿ ಆದಮೇಲೆ ಖಾರ ಯಾರು ಕುಟ್ಟಿಸುತ್ತಾರೆ? ವರ್ಷದ ರೊಟ್ಟಿಯೇ ಕೈತಪ್ಪಿದ ಹಾಗೆ.

ಬಡಗಲಿಗೆ ಹಾದಿ, ಉಳಿದದ್ದು ಮೂರು ಮನೆ. ಮೂಡಲ ಮನೆಯ ಅಂದಾನೆಪ್ಪ ಕಾಗದವನ್ನು ಹಿಂದೆ ಮುಂದೆ ತಿರುವಿ ನೋಡಿದ.

"ನಂದೇನ ತಕರಾರಿಲ್ಲಬೇ ಇಂದ್ರವ್ವಾ. ಪರಪ್ಪ ಹಾಕ್ಲಿ, ಅವನ ಕೆಳಗ ನಾ ಹಾಕ್ತೇನಿ."

ತೆಂಕಲ ಮನೆಯ ಪರಪ್ಪ ಬಾಯಲ್ಲಿ ಎಲೆಯಡಿಕೆ ಇಟ್ಟುಕೊಂಡೇ ನಕ್ಕ. "ಹಿರ್ಯಾರು ಅಂದಾನೆಪ್ಪಣ್ಣ ಇರೂಮುಂದ ನಾ ಮೊದಲ ಹಾಕಿದ್ರ ಚಂದ ಕಾಣತೈತೇನಬೇ? ನಾಳೆ ಓಣಿ ಮಂದಿ ಸೀನಿದ್ರ, ಮೊದಲ ಸಹಿ ಯಾರ್ದಂತ ನನ್ನ ಹಿಡೀತಾರ."

ಮತ್ತೆ ಅಂದಾನೆಪ್ಪನಲ್ಲಿಗೆ ಹೋದರೆ ಅವನು ಹೊಲಕ್ಕೆ ಹೋಗಿದ್ದ. ಮರುದಿನ ಹೋದರೆ ಜಳಕಕ್ಕೆ ಕೂತಿದ್ದ. ಪರಪ್ಪನಿಗೆ ಚಸ್ಮಾ ಸಿಗಲಿಲ್ಲ. ಮೂರು ದಿನ ಅಲೆದು ಕಾಗದದ ಮಡಿಕೆ ಹರಿಯಲು ಬಂತು. ಅದರ ಮೇಲೆ ಅವಳ ಬೆವರಲ್ಲದೆ ಏನೂ ಬೀಳಲಿಲ್ಲ.

"ಹಾದಿ ಒಂದ ಶಾಣ್ಯಾದು. ಬಾಯಿಲ್ಲ, ತಕರಾರೂ ಇಲ್ಲ," ಎಂದು ತನ್ನಷ್ಟಕ್ಕೆ ಬೈದುಕೊಂಡಳು.

ಪಡುವಲ ಮನೆಯ ರಾಯವ್ವನ ಹತ್ತಿರ ಕೊನೆಗೆ ಹೋದಳು. ರಾಯವ್ವ ದಮ್ಮಿನ ಬೇನೆಯ ಹೆಂಗಸು. ಕೇಳಲು ಇಂದ್ರವ್ವನಿಗೇ ಅಳುಕು. ಇಬ್ಬರ ಅಡುಗೆಮನೆಗಳ ನಡುವಿನ ಗೋಡೆಯಲ್ಲಿ ಒಂದು ಸಣ್ಣ ಕಿಟಕಿ. ಪಲ್ಯ, ಮಜ್ಜಿಗೆ, ಕಡ ತಂದ ಸಕ್ಕರೆ, ಊರ ಸುದ್ದಿ ಎಲ್ಲ ಅದರಲ್ಲೇ ಹಾಯುತ್ತಿದ್ದವು.

"ನಾ ಹೆಬ್ಬಟ್ಟ ಒತ್ತಂಗಿಲ್ಲ," ಎಂದಳು ರಾಯವ್ವ, ನೆಟ್ಟಗೆ ಮುಖ ನೋಡಿ. "ಮೂಡಗಾಳಿ ಬಿಟ್ರ ನಿನ್ನ ಖಾರದ ಘಾಟು ಆ ಕಿಡಕ್ಯಾಗ ಹಾಯ್ದು ನನ್ನ ಹಾಸಿಗೀಗೇ ಬರತೈತಿ. ನನ್ನ ಉಸಿರು ನಿಂದ್ರಸ್ತಿಯೇನು?"

ಇಂದ್ರವ್ವನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಮೂರು ದಿನದಲ್ಲಿ ಮನಸ್ಸಿನಲ್ಲಿದ್ದುದನ್ನು ಬಾಯಿಬಿಟ್ಟು ಹೇಳಿದವಳು ಇವಳೊಬ್ಬಳೇ.

"ಹಂಗಾರ ಏನ ಮಾಡ್ಲಿ ಯಕ್ಕಾ? ಅದನ್ನರ ಹೇಳ."

"ಯಂತ್ರ ಹಾದಿ ಕಡೆ ಪಡಸಾಲ್ಯಾಗ ಇಡು. ಕಿಡಕಿ ಮುಚ್ಚು."

ಭಾನುವಾರ ಇಂದ್ರವ್ವ ಎಡಗೈಯಲ್ಲೇ ಇಟ್ಟಿಗೆ ಜೋಡಿಸಿ ಮಣ್ಣು ಮೆತ್ತಿದಳು. ಆಚೆಯಿಂದ ರಾಯವ್ವ, "ಇಲ್ಲೊಂದ ಸಂದಿ ಐತಿ ನೋಡ, ಇಲ್ಲಿ," ಎಂದು ಕಡ್ಡಿಯಿಂದ ತಿವಿದು ತೋರಿಸಿದಳು. ಮಣ್ಣು ಆರುವ ಮೊದಲೇ ಅವಳ ಹೆಬ್ಬೆಟ್ಟು ಬಿತ್ತು, ಕಾಗದದ ಮೊದಲ ಸಾಲಿನಲ್ಲಿ.

ಅದನ್ನು ನೋಡಿದ್ದೇ ತಡ, ಪರಪ್ಪನ ಚಸ್ಮಾ ಸಿಕ್ಕಿತು. ಅಂದಾನೆಪ್ಪ ಜಳಕದ ಒದ್ದೆ ಮೈಯಲ್ಲೇ ಹೊರಗೆ ಬಂದ. "ನೀ ಗಟ್ಟಿಸಿ ಕೇಳಿದ್ರ ನಾನ ಮೊದಲ ಹಾಕ್ತಿದ್ನಲ್ಲ," ಎಂದ, ಸಹಿಯ ಕೆಳಗೆ ಗೆರೆ ಎಳೆಯುತ್ತ. ಇಂದ್ರವ್ವ ಕಾಗದ ಕಿತ್ತುಕೊಂಡಳು.

ಸೋಮವಾರ ಕಾರಕೂನ ಆ ಕಾಗದವನ್ನು ಓದದೆಯೇ ಫೈಲಿಗೆ ಸೇರಿಸಿದ. ಮಧ್ಯಾಹ್ನಕ್ಕೆ ಪರವಾನಗಿ ಆಯಿತು. ಸಂಜೆ ಮುಚ್ಚಿದ ಕಿಟಕಿಯ ಆಚೆಯಿಂದ ಗೋಡೆ ಗುದ್ದುವ ಸದ್ದು.

"ಇಂದ್ರವ್ವಾ! ಬದನಿಕಾಯಿ ಪಲ್ಲೆ ಮಾಡೇನಿ. ಎಲ್ಲಿಂದ ಕೊಡ್ಲಿ?"

"ಸುತ್ತ ಹಾಕಿ ಹಾದಿಗುಂಟ ತಾ ಯಕ್ಕಾ! ಅದೊಂದ ಯಾರ ಸಹೀನೂ ಕೇಳಂಗಿಲ್ಲ!"