ಮಿಸ್ತ್ರಿ ಮಾಮಾನ ಸಾಕ್ಷಿಗಳು

ಮಿಸ್ತ್ರಿ ಮಾಮಾನ ಬಲಗೆನ್ನೆಯ ಮೇಲೆ ಯಾವಾಗಲೂ ಗ್ರೀಸಿನದೊಂದು ಪಟ್ಟಿ ಇರುತ್ತಿತ್ತು. ಕಾದ ಕಬ್ಬಿಣ ಹಿಡಿದೂ ಹಿಡಿದೂ ಅವನ ಬೆರಳ ತುದಿಗಳು ಕೊರಡಾಗಿದ್ದವು. ನುಣುಪು ಯಾವುದು, ಒರಟು ಯಾವುದು ಅವಕ್ಕೆ ತಿಳಿಯುತ್ತಿರಲಿಲ್ಲ. ಹಾಗಾಗಿ ಉಜ್ಜಿದ ಕಬ್ಬಿಣ ಸಾಪಾಗಿದೆಯೋ ಇಲ್ಲವೋ ನೋಡಲು ಅದನ್ನೆತ್ತಿ ಕೆನ್ನೆಗೆ ಒತ್ತಿಕೊಳ್ಳುತ್ತಿದ್ದ. ಬೋಲ್ಟು, ಬೇರಿಂಗು, ಟ್ರ್ಯಾಕ್ಟರಿನ ಶಾಫ್ಟು, ಕೊನೆಕೊನೆಗೆ ಲಿಂಬೆಕಾಯಿ ಕೂಡ. ಹೊಸದಾಗಿ ಬಂದ ಗಿರಾಕಿಗಳು ನೋಡಿ ನಗುತ್ತಿದ್ದರು, ಅವನು ಬೈಯುತ್ತಿದ್ದ. ಬೈಗುಳದಲ್ಲಿ ಅವನನ್ನು ಮೀರಿಸುವವರು ಇಂಡಿ ತಾಲ್ಲೂಕಿನಲ್ಲಿ ಇರಲಿಲ್ಲ.

ನನಗೆ ಅವನು ಸ್ವಂತ ಮಾಮಾ ಅಲ್ಲ. ಇಂಡಿಯ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ನಮ್ಮಪ್ಪನ ಫೋಟೋ ಸ್ಟುಡಿಯೊ, ಅದರ ಗೋಡೆಗೆ ಅಂಟಿಕೊಂಡು ಅವನ ವರ್ಕ್‌ಶಾಪು. ಅವರು ಮುಸಲ್ಮಾನರು, ನಾವು ಲಿಂಗಾಯತರು. ನಮ್ಮವ್ವ ಅವನಿಗೆ ಅಣ್ಣಾ ಅನ್ನುತ್ತಿದ್ದಳು, ಹಾಗಾಗಿ ನನಗೆ ಮಾಮಾ, ಅವನ ಹೆಂಡತಿ ಮಾಮಿ. ಅವನು ಸಾಧು ಮನುಷ್ಯ, ಮಿತಭಾಷಿ ಎಂದೆಲ್ಲ ಬರೆದರೆ ಗೋರಿಯಿಂದ ಎದ್ದು ಬಂದಾನು. ಮಹಾ ಜಂಭಗಾರ. ಮಾಡಿದ್ದನ್ನು ಹತ್ತು ಜನರ ಮುಂದೆ ಹೇಳಿಕೊಳ್ಳದೆ ಅವನಿಗೆ ಚಹಾ ಇಳಿಯುತ್ತಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ, ತಮ್ಮ ಇನ್ನೂ ಸಣ್ಣವನೆಂದು, ಕ್ಯಾಮೆರಾ ನಾನು ಹಿಡಿದಾಗ, ಹೆಣ್ಣುಮಗಳು ಮದುವೆಯ ಫೋಟೋ ತೆಗೆಯುವುದೇ ಎಂದು ಜನ ಮೂಗು ಮುರಿದರು. ನನ್ನ ಮೊದಲ ಮದುವೆ ಬಸವನ ಬಾಗೇವಾಡಿಯಲ್ಲಿತ್ತು. ಮಾಮಾ ವರ್ಕ್‌ಶಾಪು ಬಿಟ್ಟು ನನ್ನ ಜೊತೆ ಬಂದ; ಗಂಡಸರ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು, 'ನಮ್ಮ ಹುಡಿಗಿ ತಗದಂಗ ಫೋಟೋ ಸೊಲ್ಲಾಪುರದಾಗೂ ಯಾರೂ ತಗಿಯಂಗಿಲ್ಲ' ಎಂದು ಊಟ ಮುಗಿಯುವವರೆಗೂ ಸಾರಿದ. ಇವತ್ತಿಗೂ ಸ್ಟುಡಿಯೊ ನಡೆಯುತ್ತಿದ್ದರೆ ಅದಕ್ಕೆ ಅವನ ಆ ಬಾಯಿಯೇ ಕಾರಣ.

ವರ್ಕ್‌ಶಾಪಿಗೆ ಮೂರು ಗೋಡೆ, ಮೇಲೆ ತಗಡು. ರಸ್ತೆಯ ಕಡೆಗೆ ಬಾಗಿಲೇ ಇರಲಿಲ್ಲ. ಕಳ್ಳರು ಡ್ರಿಲ್ಲು ಒಯ್ದರು, ವೆಲ್ಡಿಂಗ್ ವೈರು ಒಯ್ದರು, ಆದರೂ ಅವನು ಷಟರ್ ಹಾಕಿಸಲಿಲ್ಲ. ಕೇಳಿದರೆ, 'ಕದಾ ಹಾಕ್ಕೊಂಡು ಕೆಲಸಾ ಮಾಡಿ ನಮ್ಮಜ್ಜ ಹಾಳಾದ. ನಾ ಹಂಗ ಮಾಡೂದುಲ್ಲ' ಅನ್ನುತ್ತಿದ್ದ.

ಆ ಅಜ್ಜನ ಕತೆ ನಮ್ಮ ಓಣಿಗೆಲ್ಲ ಬಾಯಿಪಾಠ. ಇಂಗ್ಲಿಷರ ಕಾಲದಲ್ಲಿ ಮುದ್ದೇಬಿಹಾಳದ ಕಡೆ ಒಂದು ಹತ್ತಿ ಜಿನ್ನಿಂಗ್ ಕಾರ್ಖಾನೆಯಲ್ಲಿ ಅಜ್ಜ ಮಿಸ್ತ್ರಿಯಾಗಿದ್ದ. ಹತ್ತಿಯ ಜೊತೆ ಬರುವ ಹರಳು, ಒಣಸಿಪ್ಪೆ ಯಂತ್ರಕ್ಕೆ ಸಿಕ್ಕಿ ಉರುಳೆಯ ಚರ್ಮ ಹರಿಯುತ್ತಿತ್ತಂತೆ. ಅಜ್ಜ ಉರುಳೆಯ ಮುಂದೆ ಕೂರುವಂಥ ಒಂದು ತಂತಿಯ ಬಾಚಣಿಗೆ ಮಾಡಿದ. ಯಾರೂ ನೋಡಬಾರದೆಂದು ಕೋಣೆಯ ಕದ ಹಾಕಿಕೊಂಡು ಮಾಡಿದ. ಯಂತ್ರ ಮಾರುವ ಕಂಪನಿಯ ಸಾಹೇಬನೊಬ್ಬ ಬಂದವನು ಶಾಭಾಷ್ ಅಂದ, ಚಿತ್ರ ಬರೆದುಕೊಂಡು ಹೋದ. ಆಮೇಲೆ ಬಂದ ಹೊಸ ಯಂತ್ರಗಳಲ್ಲಿ ಅದೇ ಬಾಚಣಿಗೆ; ಅದರ ಕೆಳಗೆ ಹಿತ್ತಾಳೆಯ ತಗಡಿನ ಮೇಲೆ ಸಾಹೇಬನ ಹೆಸರು, ಪೇಟೆಂಟ್ ಎಂಬ ಅಕ್ಷರ. ಅಜ್ಜ ಜಗಳಕ್ಕೆ ಹೋದಾಗ ಮ್ಯಾನೇಜರ್ ಕೇಳಿದ್ದು ಒಂದೇ ಮಾತು: 'ನೀ ಮಾಡೂದನ್ನ ನೋಡಿದವರು ಯಾರದಾರ?' ಯಾರೂ ಇರಲಿಲ್ಲ. ಅಜ್ಜ ಕೆಲಸ ಬಿಟ್ಟು ಇಂಡಿಗೆ ಬಂದು, ಎತ್ತಿನ ಬಂಡಿಯ ಗಾಲಿಗೆ ಕಬ್ಬಿಣದ ಹಳಿ ಹಚ್ಚುತ್ತಲೇ ಸತ್ತ.

ಈ ಕತೆಯಿಂದ ಬೇರೆಯವರು ಬೇರೆ ಪಾಠ ಕಲಿಯುತ್ತಿದ್ದರೇನೋ. ಮಾಮಾ ಕಲಿತದ್ದು ಇಷ್ಟು: ಏನು ಮಾಡಿದರೂ ಮಂದಿಯ ಕಣ್ಣೆದುರು ಮಾಡಬೇಕು, ನೋಡಿದವರು ಹೆಚ್ಚಿದಷ್ಟೂ ನಮ್ಮ ಹಕ್ಕು ಗಟ್ಟಿ. ನಮ್ಮ ಕಡೆ ಹೊಲದ ತಂಟೆ ಬಂದರೂ ಹೀಗೇ ತಾನೆ? 'ಇವರಪ್ಪನ ಕಾಲದಿಂದ ಇವರ ಉಳಕೋತ ಬಂದಾರ್ರಿ' ಎಂದು ಪಂಚರು ಎದ್ದು ನಿಂತು ಹೇಳಿದರೆ ಅರ್ಧ ಗೆದ್ದ ಹಾಗೆ. ಲೋಕವೆಲ್ಲ ಈ ಹೊಲದ ನ್ಯಾಯದ ಮೇಲೆಯೇ ನಡೆಯುತ್ತದೆ ಎಂದು ಅವನು ನಂಬಿದ್ದ. ಸುಳ್ಳು ಯಾಕೆ ಹೇಳಲಿ, ನಾನೂ ನಂಬಿದ್ದೆ.

ಮಾಮಿ ಲಿಂಬೆ ಬಜಾರಿಗೆ ಕಾಯಿ ಆರಿಸುವ ಕೂಲಿಗೆ ಹೋಗುತ್ತಿದ್ದಳು. ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತು ದೊಡ್ಡದು, ನಡುವಿನದು, ಸಣ್ಣದು ಎಂದು ಬೇರೆ ಮಾಡುವುದು. ಸಂಜೆ ಮನೆಗೆ ಬಂದವಳು ಗೋಡೆ ಹಿಡಿದು ನಡೆಯುತ್ತಿದ್ದಳು. 'ಊರ ಮಂದಿಗೆಲ್ಲಾ ಮಶೀನ ಮಾಡಿ ಕೊಡ್ತಿ, ನನ್ನ ಟೊಂಕದ ಚಿಂತಿ ನಿನಗಿಲ್ಲ' ಎಂದು ಒಂದು ದಿನ ಬೈದಳಂತೆ. ಮಾಮಾನಿಗೆ ಅಷ್ಟು ಸಾಕಾಯಿತು.

ಲಿಂಬೆ ಆರಿಸುವ ಯಂತ್ರಗಳು ಆಗಲೇ ಇದ್ದವು. ಆದರೆ ಅವುಗಳ ಕಬ್ಬಿಣದ ಕೊಳವೆಗಳ ನಡುವೆ ಸಿಕ್ಕ ಕಾಯಿಯ ಸಿಪ್ಪೆ ಕೆರೆದುಹೋಗುತ್ತಿತ್ತು, ಅಂಥ ಕಾಯಿ ಬಹಳ ದಿನ ಬಾಳುತ್ತಿರಲಿಲ್ಲ. ಮಾಮಾ ಕೊಳವೆಗಳಿಗೆ ಸೈಕಲ್ ಟ್ಯೂಬು ಸುತ್ತಿ, ಅದಕ್ಕೆ ಗಾಳಿ ತುಂಬಿದ. ಕಾಯಿ ಒತ್ತಿದರೆ ಟ್ಯೂಬು ತಾನೇ ಒಳಸರಿದು ದಾರಿ ಬಿಡುತ್ತಿತ್ತು. ಪಂಪಿನಿಂದ ಗಾಳಿ ಹೆಚ್ಚಿಸಿದರೆ ಸಂದು ಕಿರಿದು, ಕಡಿಮೆ ಮಾಡಿದರೆ ಅಗಲ. ಯಾವ ಗಾತ್ರದ ಕಾಯಿ ಬೇಕೋ ಅದನ್ನೇ ಬೀಳಿಸಬಹುದು. ಬಿದ್ದ ಕಾಯನ್ನು ಕೆನ್ನೆಗೆ ಒತ್ತಿಕೊಂಡು ನೋಡಿ, 'ಹೆಂಗೈತಿ ನೋಡವ್ವಾ, ಕೂಸಿನ ಗಲ್ಲ!' ಎಂದು ಕೂಗಿದ್ದು ನನಗೆ ಸ್ಟುಡಿಯೊದೊಳಗೆ ಕೇಳಿಸಿತ್ತು.

ಆ ವರ್ಷದ ಖಂಡೇಪೂಜೆಯ ದಿನ ಯಂತ್ರವನ್ನು ಲಿಂಬೆ ಬಜಾರಿಗೇ ಎಳೆದು ಒಯ್ದ. ಮಹಾನವಮಿಗೆ ಹತಾರಗಳನ್ನು ಪೂಜಿಸುವುದಕ್ಕೆ ನಮ್ಮಲ್ಲಿ ಜಾತಿ ಮತ ಇಲ್ಲ, ಸುತ್ತಿಗೆ ಹಿಡಿದವರೆಲ್ಲ ಮಾಡುತ್ತಾರೆ. ಹೊರ್ತಿಯ ಗೌಡರು, ಅಗರಖೇಡದ ಬೆಳೆಗಾರರು ಚೀಲಗಟ್ಟಲೆ ಲಿಂಬೆ ತಂದು ಸುರಿದರು. ಸಿಂದಗಿಯಿಂದ ಬಂದ ಮಿಸ್ತ್ರಿಗಳು ಅಳತೆ ತೆಗೆದುಕೊಂಡರು. ಟೇಪಿನ ಇನ್ನೊಂದು ತುದಿ ಹಿಡಿದು ನಿಂತವನು ಮಾಮಾನೇ. ನನ್ನನ್ನು ಕರೆದು ಫೋಟೋ ತೆಗೆಸಿದ. 'ತಾರೀಖು ಬೀಳಬೇಕು. ಮಂದಿ ಮಾರಿ ಎಲ್ಲಾ ಕಾಣಬೇಕು' ಎಂದು ಅಪ್ಪಣೆ. ಚೆಂಡುಹೂವಿನ ಮಾಲೆ ಹಾಕಿದ ಯಂತ್ರ, ಅದಕ್ಕೆ ಬುಟ್ಟಿಯಿಂದ ಕಾಯಿ ಸುರಿಯುತ್ತಿರುವ ಮಾಮಿ, ಸುತ್ತ ಜನವೋ ಜನ.

ಕೆಲವು ವರ್ಷ ಆ ಯಂತ್ರ ಹೂವಿನ ಹಿಪ್ಪರಗಿಯವರೆಗೂ ತಿರುಗಿತು. ಕೇಳಿದವರಿಗೆ ಅಂಥದ್ದೇ ಮಾಡಿಕೊಟ್ಟ. ಅಷ್ಟರಲ್ಲಿ ದೂರದ ಶಹರದ ಕಂಪನಿಯೊಂದರ ಯಂತ್ರ ನಮ್ಮ ಬಜಾರಿಗೆ ಬಂತು. ಥಳಥಳ ಬಣ್ಣ, ಒಳಗೆ ಗಾಳಿ ತುಂಬುವ ಟ್ಯೂಬು. ಮಾಮಾ ಅದರ ಸುತ್ತ ತಿರುಗಿ ನೋಡಿದ, ಸೀದಾ ವಿಜಯಪುರಕ್ಕೆ ಹೋದ. ಹೊಲದ ವ್ಯಾಜ್ಯಗಳಲ್ಲಿ ಹೆಸರು ಮಾಡಿದ ವಕೀಲರೊಬ್ಬರು ಪೇಟೆಂಟಿಗೆ ಅರ್ಜಿ ಹಾಕಿಕೊಟ್ಟರು. ಕಂಪನಿಯವರು ತಕರಾರು ಸಲ್ಲಿಸಿದರು: ಇದು ಇವನದಲ್ಲ, ಇವನು ಅರ್ಜಿ ಹಾಕುವ ಮೊದಲಿನಿಂದ ನಾವೇ ಮಾರುತ್ತಿದ್ದೇವೆ.

ತಕರಾರಿನ ಸುದ್ದಿ ಬಂದ ದಿನ ಮಾಮಾ ಹಬ್ಬ ಬಂದವನಂತೆ ನಕ್ಕ. 'ನಮ್ಮಜ್ಜಗ ಸಾಕ್ಷಿ ಇರಲಿಲ್ಲ. ನನಗ ಊರಿಗೆ ಊರ ಐತಿ!'

ಬೆಳಗೆದ್ದರೆ ಸಾಕು, ಮೋಟರ್ ಸೈಕಲ್ ಏರಿ ಸಾಕ್ಷಿ ಕೂಡಿಸುವುದೇ ಕೆಲಸ. ಯಾರೂ ಒಲ್ಲೆ ಅನ್ನಲಿಲ್ಲ. ಲಿಂಬೆ ಕೀಳುವ ಹಂಗಾಮಿನಲ್ಲೂ ಕೆಲಸ ಬಿಟ್ಟು, ಇಸ್ತ್ರಿ ಅಂಗಿ ತೊಟ್ಟು ಬಂದು ಪ್ರಮಾಣಪತ್ರಕ್ಕೆ ಸಹಿ ಹಾಕಿದರು. ಹೊರ್ತಿ ಗೌಡರಂತೂ ತಮ್ಮ ಓಣಿಯನ್ನೇ ಟ್ರ್ಯಾಲಿಯಲ್ಲಿ ತುಂಬಿಕೊಂಡು ಬಂದರು. ಎಲ್ಲರದೂ ಒಂದೇ ಮಾತು: ಕಂಪನಿಯ ಹೆಸರು ಕೇಳುವ ಮೊದಲಿನಿಂದ ಈ ಯಂತ್ರ ಕಣ್ಣಾರೆ ಕಂಡಿದ್ದೇವೆ, ಇದರಲ್ಲೇ ಲಿಂಬೆ ಆರಿಸಿದ್ದೇವೆ. ಎಲ್ಲರಿಗಿಂತ ಮೊದಲು ಹೇಳಿಕೆ ಕೊಟ್ಟವಳು ಮಾಮಿ. 'ನನ್ನ ಗಂಡ ಮಾಡಿದ ಮಶೀನಿಗೆ ನಾನ ಮೊದಲ ಕಾಯಿ ಹಾಕೇನಿ, ಬಜಾರದಾಗ, ಎಲ್ಲಾರ ಮುಂದ' ಎಂದು ಬರೆಸಿ, ನನ್ನ ಕಡೆ ತಿರುಗಿ ನಕ್ಕಿದ್ದಳು.

ಪೇಟೆಂಟ್ ಕಚೇರಿಯ ವಿಚಾರಣೆಗೆ ಮಾಮಾ, ವಕೀಲರು, ಫೋಟೋ ತೆಗೆದವಳೆಂದು ನಾನು, ಮೂವರೂ ಸೊಲ್ಲಾಪುರದಿಂದ ರೈಲು ಹಿಡಿದು ಹೋದೆವು. ನಮ್ಮ ಕಾಗದಗಳ ಕಟ್ಟು ನೋಡಿ ಕಂಪನಿಯ ವಕೀಲ ಗಾಬರಿಯಾಗುತ್ತಾನೆ ಅಂದುಕೊಂಡಿದ್ದೆ. ಅವನು ಒಂದನ್ನೂ ಅಲ್ಲಗಳೆಯಲಿಲ್ಲ. ಇವೆಲ್ಲ ಖರೆಯೇ ಎಂದು ಮಾತ್ರ ಕೇಳಿದ. ಮಾಮಾ ಎದ್ದು ನಿಂತು ಎದೆ ತಟ್ಟಿಕೊಂಡ: 'ಅಲ್ಲಾನ ಆಣಿ, ಒಂದೊಂದು ಅಕ್ಷರ ಖರೇ ಐತ್ರಿ.' ಆಗ ಅವನು ಮಾಮಿಯ ಹೇಳಿಕೆಯನ್ನೇ ಎತ್ತಿಕೊಂಡು, ಬಜಾರದಾಗ, ಎಲ್ಲಾರ ಮುಂದ ಎಂಬಲ್ಲಿ ಬೆರಳಿಟ್ಟು ಓದಿಸಿದ. ನಮ್ಮ ಕೆಲಸ ನೀವೇ ಮಾಡಿಕೊಟ್ಟಿರಿ ಎಂದು ಕೈ ಮುಗಿದು ಕೂತ.

ಅಧಿಕಾರಿ ಒಳ್ಳೆಯವರು. ನಮ್ಮ ವಕೀಲರ ಮೂಲಕ ಮಾಮಾನಿಗೆ ತಿಳಿಸಿ ಹೇಳಿದರು. ಅರ್ಜಿ ಹಾಕುವ ದಿನಕ್ಕೆ ವಸ್ತು ಹೊಸದಾಗಿರಬೇಕು. ಅದಕ್ಕೂ ವರ್ಷಗಳ ಮೊದಲು ಬಜಾರಿನಲ್ಲಿ ನಡೆದದ್ದು, ನಾಲ್ಕು ಊರು ಬಳಸಿದ್ದು ಹೊಸದಲ್ಲ. ಮಾಡಿದವನೇ ಬಂದು ಕೇಳಿದರೂ ಅದಕ್ಕೆ ಪೇಟೆಂಟ್ ಸಿಗುವುದಿಲ್ಲ. ಕಂಪನಿಗೂ ಸಿಗುವುದಿಲ್ಲ, ಅವರಿಗೆ ಬೇಕಾಗಿಯೂ ಇರಲಿಲ್ಲ. ಬೇರೆ ಯಾರಿಗೂ ಸಿಗದಿದ್ದರೆ ಅವರ ವ್ಯಾಪಾರಕ್ಕೆ ಅಷ್ಟೇ ಸಾಕಿತ್ತು. ಮಾಮಾ ಎಲ್ಲ ಕೇಳಿಸಿಕೊಂಡ. ಆಮೇಲೆ ಕೇಳಿದ: 'ಅಂದ್ರ ಸಾಹೇಬ್ರ, ನಾ ಕದಾ ಹಾಕ್ಕೋಬೇಕಿತ್ತೇನ್ರಿ?'



ತಿರುಗಿ ಬರುವಾಗ ರೈಲಿನಲ್ಲಿ ಮಾಮಾ ಕಿಟಕಿಯ ಹತ್ತಿರ ಕೂತಿದ್ದ. ರಾಯಚೂರು ದಾಟಿ ವಕೀಲರು ನಿದ್ದೆ ಹೋದ ಮೇಲೆ ನನ್ನ ಕಡೆ ಬಾಗಿದ.

'ಊರಾಗ ಇದನ್ನ ಹೇಳಬ್ಯಾಡವ್ವಾ.'

'ಯಾಕ ಮಾಮಾ? ಮಂದಿಗೆ ಗೊತ್ತಾಗಲಿ.'

'ಏನಂತ ಹೇಳ್ತಿ? ನಿಮ್ಮ ಸಾಕ್ಷಿನ ನಮ್ಮನ್ನ ಮುಳಗಿಸ್ತು ಅಂತೇನು? ಕೆಲಸಾ ಬಿಟ್ಟು ಬಂದಾರವ್ವಾ ಅವರು, ನನ್ನ ಸಲುವಾಗಿ.' ಆಮೇಲೆ ಹೇಳಿದ, 'ನಿಮ್ಮ ಮಾಮಿ ಮುಂದಂತೂ ಬಾಯಿ ಬಿಡಬ್ಯಾಡ. ಆಕಿ ಮಾತನ್ನ ಓದಿದ್ರಲ್ಲ ಅಲ್ಲಿ. ಗೊತ್ತಾದ್ರ ಆಕಿ ಕೂಳ ಬಿಡ್ತಾಳ. ನಿಮ್ಮಪ್ಪನ ಆಣಿ ಮಾಡು.'

ಮಾಡಿದೆ.

ಅರ್ಜಿ ವಜಾ ಆಯಿತು. ಕೇಳಿದವರಿಗೆಲ್ಲ ಮಾಮಾ ಕೊಟ್ಟ ಉತ್ತರ ಒಂದೇ: 'ಕಾಯ್ದೆ ಹಂಗೈತಿ.' ಹತ್ತು ಮಾತು ಆಡುವವನು ಎರಡೇ ಮಾತಿಗೆ ಮುಗಿಸಿದರೆ ಊರು ನಂಬುತ್ತದೆಯೆ? ಇಷ್ಟು ಮಂದಿ ಸಾಕ್ಷಿ ಹೇಳಿದ ಮೇಲೂ ಸೋಲುವುದೆಂದರೆ ಹೇಗೆ? ಕಂಪನಿಯಿಂದ ದುಡ್ಡು ತಿಂದು ಬಿಟ್ಟುಕೊಟ್ಟ ಎಂದು ಮೊದಲು ಬಜಾರಿನಲ್ಲಿ ಗುಸುಗುಸು ಶುರುವಾಯಿತು, ಆಮೇಲೆ ಚಹಾದ ಅಂಗಡಿಯಲ್ಲಿ ಗಟ್ಟಿಯಾಗಿಯೇ ಆಡಿದರು. ಅದೇ ಹೊತ್ತಿಗೆ ಮಾಮಾ ವರ್ಕ್‌ಶಾಪಿಗೆ ಷಟರ್ ಹಾಕಿಸಿದ. ಅದನ್ನು ಎಳೆದುಕೊಂಡು ಒಳಗೆ ಒಬ್ಬನೇ ಕೆಲಸ ಮಾಡತೊಡಗಿದ. ಜನಕ್ಕೆ ಇನ್ನೇನು ಬೇಕಿತ್ತು? ಷಟರಿಗೆ ದುಡ್ಡು ಎಲ್ಲಿಂದ ಬಂತು, ಒಳಗೆ ಏನು ಬಚ್ಚಿಟ್ಟಿದ್ದಾನೆ ಎಂದು ಅದಕ್ಕೂ ಕತೆ ಕಟ್ಟಿದರು. ಹೊರ್ತಿ ಗೌಡರು ತಮ್ಮ ಟ್ರ್ಯಾಕ್ಟರನ್ನು ಬೇರೆ ಮಿಸ್ತ್ರಿಯ ಹತ್ತಿರ ಒಯ್ಯತೊಡಗಿದರು.

ಆ ಜನದ ಮೇಲೆ ನನಗೆ ಇನ್ನೂ ಸಿಟ್ಟಿದೆ. ಮಾಮಾನ ಮೇಲೂ ಇದೆ. ಊರ ಮಂದಿಯ ಮನಸ್ಸು ನೋಯಬಾರದೆಂದು ತನ್ನ ಹೆಸರು ಕೆಡಿಸಿಕೊಂಡನಲ್ಲ, ಆ ದೊಡ್ಡತನ ಯಾರು ಕೇಳಿದ್ದರು? ಒಂದು ಸಲ ಜಗಳವನ್ನೇ ಆಡಿದೆ. 'ಹೇಳಿ ಬಿಡ್ರಿ ಮಾಮಾ, ನನಗ ತಡಕೊಳ್ಳಾಕ ಆಗವಲ್ದು' ಅಂದೆ. ಷಟರಿನ ಒಳಗೆ ಕೂತವನು ಕೈಯಲ್ಲಿದ್ದ ಕೊಳವೆ ಉಜ್ಜುತ್ತ, 'ಹೇಳಿದ್ರ ಏನಾಗ್ತೈತಿ? ಪೇಟೆಂಟ್ ಬರ್ತೈತೇನು?' ಎಂದಷ್ಟೇ ಕೇಳಿದ. ಹೊಸದು ಎಂಬುದನ್ನು ಅವನು ಮತ್ತೆ ಮಾಡಲಿಲ್ಲ.

ಒಂದು ಶುಕ್ರವಾರ ನಮಾಜಿಗೆ ಹೊರಟವನು ಅಂಗಳದಲ್ಲೇ ಕುಸಿದು ತೀರಿಕೊಂಡ. ಮಣ್ಣಿಗೆ ಊರೆಲ್ಲ ಬಂತು, ಹೆಗಲು ಕೊಟ್ಟಿತು, ಹಿಡಿ ಮಣ್ಣು ಹಾಕಿತು. ಅಲ್ಲಿಗೆ ಹೆಂಗಸರು ಹೋಗುವಂತಿಲ್ಲ, ನಮ್ಮ ತಮ್ಮ ಹೋಗಿದ್ದ. ಕೈ ಕೊಡವಿಕೊಳ್ಳುತ್ತ ಹೊರ್ತಿ ಗೌಡರು ಅಂದರಂತೆ: 'ಕೈಯಾಗ ಕಲಾ ಇತ್ತು. ಆದ್ರ ನಮ್ಮೆಲ್ಲಾರ ಸಾಕ್ಷಿ ಮಾರ್ಕೊಂಡ.' ಅಲ್ಲಿದ್ದವರು ಹೌದು ಹೌದು ಎಂದು ತಲೆ ಆಡಿಸಿದರಂತೆ.

ಮಾಮಿಯೂ ಹೋದ ವರ್ಷ ಹೋದಳು. ಇದನ್ನು ಬರೆಯುವ ಧೈರ್ಯ ಬಂದದ್ದು ಅದಕ್ಕೇ. ಮಾಮಾನ ನಲವತ್ತನೇ ದಿನದ ಊಟ ಮುಗಿದು ಬಂದವರೆಲ್ಲ ಹೋದ ಮೇಲೆ, ಪಾತ್ರೆ ತೊಳೆಯುತ್ತಿದ್ದ ನನ್ನನ್ನು ಅವಳು ಒಳಗೆ ಕರೆದು ಕೈ ಹಿಡಿದು ಕೂಡಿಸಿಕೊಂಡಿದ್ದಳು. ಅತ್ತು ಅತ್ತು ದನಿ ಬಿದ್ದಿತ್ತು.

'ನೀ ಅವನ ಜೋಡೀನ ಹೋಗಿದ್ದಿ. ಖರೇ ಹೇಳವ್ವಾ. ರೊಕ್ಕಾ ತಗೊಂಡಿದ್ದನೋ ಇಲ್ಲೋ?'

ಅವಳೂ! ಅದೇ ಮನೆಯಲ್ಲಿ, ಅದೇ ತಾಟಿನಲ್ಲಿ ಅವನ ಜೊತೆ ಉಣ್ಣುತ್ತ, ಅಷ್ಟು ವರ್ಷ ಅವಳೂ ಇದನ್ನೇ ನುಂಗಿಕೊಂಡಿದ್ದಳು.

'ಇಲ್ಲ ಮಾಮಿ. ನಮ್ಮಪ್ಪನ ಆಣಿ, ಒಂದು ಪೈಸಾ ಮುಟ್ಟಿಲ್ಲ.'

'ಮತ್ತ ಹ್ಯಾಂಗ ಹೋತು? ನಾ ಅಷ್ಟು ಛಲೋ ಸಾಕ್ಷಿ ಬರಸಿದ್ದೆ.'

ಬಾಯಿಯವರೆಗೆ ಬಂದಿತ್ತು. ಅವಳ ಮುಖ ನೋಡಿದೆ, ಆಗಲಿಲ್ಲ.

'ಕಾಯ್ದೆ ಹಂಗೈತಿ, ಮಾಮಿ' ಅಂದೆ.

ಮಾಮಿ ನನ್ನ ಕೈ ಬಿಟ್ಟಳು.

'ಅವನೂ ಇದ ಹೇಳತಿದ್ದ. ನಿನಗೂ ಪಾಲು ಕೊಟ್ಟಿದ್ದನೇನವ್ವಾ?'