ಅಕ್ಕ ಒಣಗಿಸಿದ ಪರದೆ

ನಮ್ಮೂರಿನ ಆಕಾಶದ ಮಾತು ನಂಬಿ ಕೆಟ್ಟವರೇ ಎಲ್ಲ. ನಾನು ಒಂದು ಕೆನ್ನೆಯ ಗಡ್ಡ ಬಿಸಿಲಲ್ಲಿ ಹೆರೆದುಕೊಂಡು, ಇನ್ನೊಂದು ಕೆನ್ನೆಯನ್ನು ಮಳೆಯಲ್ಲಿ ತೊಳೆದುಕೊಂಡವನು. ನಂಬದಿದ್ದರೆ ಬಿಡಿ, ನನ್ನ ಹೆಂಡತಿಯೂ ನಂಬುವುದಿಲ್ಲ. ಇಂಥ ಊರಲ್ಲಿ ನನ್ನ ಅಕ್ಕ ಬಟ್ಟೆ ಒಗೆದು ಒಣಗಿಸಿಕೊಡುವ ಕಸುಬು ಹಿಡಿದಳು!

ಅವಳ ಮೂಗು ಮೋಡದ ವಾಸನೆ ಹಿಡಿಯುತ್ತಿತ್ತು. ಅವಳು ಬಟ್ಟೆ ತೆಗೆಯಲು ಹಗ್ಗಕ್ಕೆ ಕೈ ಹಾಕಿದರೆ ಸಾಕು, ಬೀದಿಯವರೆಲ್ಲ ದಡಬಡ ತಮ್ಮ ತಮ್ಮ ತಾರಸಿ ಹತ್ತಿ ಬಟ್ಟೆ ಬಾಚಿಕೊಳ್ಳುತ್ತಿದ್ದರು.

ಒಮ್ಮೆ ನಾಟಕದ ಥಿಯೇಟರಿನ ಪರದೆ ಒಗೆಯಲು ಬಂತು. ಎಷ್ಟು ದೊಡ್ಡದೆಂದರೆ, ಈ ತುದಿಯಲ್ಲಿ ಬಿಸಿಲಿದ್ದರೆ ಆ ತುದಿಯಲ್ಲಿ ಮಳೆ! ಮ್ಯಾನೇಜರ್ ಖಡಾಖಂಡಿತ ಹೇಳಿದ್ದ: "ಸಂಜೆ ಆರಕ್ಕೆ ನಾಟಕ. ಒಣಗಿ ಬರ್ಲಿಲ್ಲ ಅಂದ್ರೆ ಇನ್ಮೇಲೆ ನಮ್ಮ ಬಟ್ಟೆಯೆಲ್ಲ ಮೆಷಿನ್ ಲಾಂಡ್ರಿಗೆ." ಅಕ್ಕನ ಅರ್ಧ ಅನ್ನ ಆ ಥಿಯೇಟರಿನದು.

ಮಧ್ಯಾಹ್ನ ಪರದೆ ಇನ್ನೇನು ಗರಿಗರಿಯಾಗಬೇಕು, ಗಾಳಿ ತಿರುಗಿತು. ಅಕ್ಕನ ಮೂಗು ಅರಳಿತು. ನಮ್ಮಿಬ್ಬರ ಕೈಗೆ ಆ ಪರದೆ ಬಗ್ಗುವ ಸಾಮಾನೇ ಅಲ್ಲ.

"ಮಳೆ ಬರ್ತಿದೆ, ಬನ್ರೋ ಅಂತ ಕೂಗ್ಲೇನಕ್ಕಾ?"

"ಕೂಗು! ಒಬ್ರೂ ಇಲ್ಲಿರಲ್ಲ, ಎಲ್ರೂ ತಾರಸಿ ಮೇಲಿರ್ತಾರೆ. ಸುಮ್ನೆ ಹಲ್ಲು ಕಿರ್ಕೊಂಡು ನಿಂತ್ಕೋ."

ಅವಳು ಹೊಸಿಲ ಮೇಲೆ ಕಾಲು ಚಾಚಿ ಕುಳಿತು, ಆರಾಮಾಗಿ ಕೂಗಿದಳು: "ಇವತ್ತಿನ್ನು ಮಳೆ ಇಲ್ಲ ಕಣ್ರೋ! ಬನ್ನಿ, ಇದನ್ನ ಮಡಚೋಕೆ ಒಂದ್ ಕೈ ಹಾಕಿ."

ದರ್ಜಿ ಬಂದ, ಸೈಕಲ್ ರಿಪೇರಿಯವನು ಬಂದ, ಅವನ ಅತ್ತೆಯೂ ಬಂದಳು. "ಹೂಂ, ಎಳೀರಿ! ನಿಧಾನ! ಅಯ್ಯೋ, ನನ್ನ ಕಾಲ ಮೇಲಲ್ಲಪ್ಪಾ!" ಪರದೆಯ ಬಾಲ ಹೊಸಿಲು ದಾಟಿತೋ ಇಲ್ಲವೋ, ಆಕಾಶ ಕೊಡ ಬೋರಲು ಹಾಕಿತು! ತಾರಸಿಗಳ ಮೇಲಿದ್ದ ಬೀದಿಯ ಬಟ್ಟೆಯೆಲ್ಲ ತೊಪ್ಪೆ.

"ಅಕ್ಕಾ, ಮಳೆ ಇಲ್ಲ ಅಂದ್ಯಲ್ಲಾ!" ದರ್ಜಿ ತಲೆ ಚಚ್ಚಿಕೊಂಡ.

"ಪರದೆಗೆ ಇಲ್ಲ ಅಂದೆ ಕಣೋ. ತಗೊಂಡ್ಬಾ ನಿನ್ನ ಅಂಗಿ, ಎಲ್ರದ್ದೂ ತನ್ನಿ!"

ಮೂರು ಇಸ್ತ್ರಿ ಪೆಟ್ಟಿಗೆ ಕೆಂಡ ಕಾರಿದವು. ಅಕ್ಕ ಒತ್ತಿದಳು, ನಾನು ಕೆಂಡ ಊದಿದೆ. ಮನೆಯೊಳಗೆ ಎಷ್ಟು ಹಬೆ ಎದ್ದಿತೆಂದರೆ, ಸೈಕಲ್ಲಿನವನು ತನ್ನ ಅತ್ತೆಯನ್ನೇ ಗುರುತಿಸದೆ "ಯಾರಮ್ಮ ನೀವು?" ಎಂದ.

ಮಳೆ ನಿಂತಿತು, ಆರಕ್ಕೆ ಮೊದಲೇ ಪರದೆ ಥಿಯೇಟರ್ ಸೇರಿತು. ಮ್ಯಾನೇಜರ್ ಅದನ್ನು ಕೆನ್ನೆಗೊತ್ತಿಕೊಂಡು, "ಒಣಗಿದೆಯಲ್ರೀ!" ಎಂದು ಬೆರಗಾದ. "ಮುಂದಿನ ಸಲಾನೂ ನಿಮಗೇ."

ಬೆಚ್ಚಗಿನ ಅಂಗಿ ತೊಟ್ಟ ಇಡೀ ಬೀದಿ ಮುಂದಿನ ಸಾಲಲ್ಲಿ ಕುಳಿತಿತ್ತು. ಪರದೆ ಸರ್ರನೆ ಮೇಲೇರಿದಾಗ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಶಿಳ್ಳೆ ಹೊಡೆದರು. ವೇದಿಕೆಗೆ ಇನ್ನೂ ಒಬ್ಬ ನಟನೂ ಬಂದಿರಲಿಲ್ಲ.